ಒಂದು ನಟ್ಟಿನ ಹುಡುಕಾಟ

ಮೋಟಾರ್‌ಸೈಕಲ್ಲಿನ ಹುಚ್ಚಿರುವ ಕನ್ನಡಿಗರಿಗೆ ಬರ್ಮಿಂಗ್‌ಹ್ಯಾಮ್ ಪರಕೀಯ ಊರೆನಿಸುವುದಿಲ್ಲ. ಬಿ.ಎಸ್.ಎ. ಗಾಡಿಗಳು ಹುಟ್ಟಿದ್ದು ಇಲ್ಲಿಯ ಸ್ಮಾಲ್ ಹೀತಿನಲ್ಲಿ. ರಾಯಲ್ ಎನ್‌ಫೀಲ್ಡಿನ ತವರಾದ ರೆಡ್ಡಿಚ್ ಇಲ್ಲಿಗೆ ಸಮೀಪದಲ್ಲೇ ಇದೆ. ನಮ್ಮ ಮನೆಯ ಹುಚ್ಚು ಮಾತ್ರ ಮೈಸೂರಿನಿಂದ ಬಂದದ್ದು. ಅಲ್ಲಿ 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಅಂದಿನ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1996ರಲ್ಲಿ ಕಾರ್ಖಾನೆ ಮುಚ್ಚಿದರೂ ತಂದೆಯವರ ಜಾವಾ ಬಹುಕಾಲ ನಮ್ಮ ಅಂಗಳದಲ್ಲಿತ್ತು. ಅದರ ಬೆಂಡ್ ಪೈಪನ್ನು ಎಂಜಿನ್ನಿಗೆ ಹಿಡಿದಿಡುತ್ತಿದ್ದುದು ಬಳೆಯಂಥ ದೊಡ್ಡ ನಟ್ಟು. ಓಡಾಟದ ಅದುರಿಗೆ ಅದು ಸಡಿಲವಾಗುತ್ತಿತ್ತು. ಭಾನುವಾರ ಬೆಳಿಗ್ಗೆ, ಗಾಡಿ ಇನ್ನೂ ತಣ್ಣಗಿರುವಾಗಲೇ, ತಂದೆಯವರು ಕೊಕ್ಕೆಯಾಕಾರದ ಸ್ಪ್ಯಾನರ್ ಹಿಡಿದು ಅಂಗಳದಲ್ಲಿ ಕುಳಿತು ಅದನ್ನು ಬಿಗಿಮಾಡುತ್ತಿದ್ದರು. ಅಂಗಳದಲ್ಲೇ ಏಕೆ ಎಂದು ನಾವು ಎಂದೂ ಕೇಳಿರಲಿಲ್ಲ.

ಆ ಹುಚ್ಚು ಒಂದು ತಲೆಮಾರು ದಾಟಿ ಮಗನಿಗೆ ಬಂದಿದೆ. ಲೀಡ್ಸಿನಲ್ಲಿ ಓದುತ್ತಿರುವ ಅವನು ಹಿಂದಿನ ವರ್ಷ ಹಳೆಯದೊಂದು ಟ್ರೇಲ್ ಬೈಕನ್ನು ಕೊಂಡ. ಒಂದೇ ಸಿಲಿಂಡರಿನ, ನೆಲದಿಂದ ಎತ್ತರಕ್ಕೆ ನಿಂತ ಗಾಡಿ. ಯಾರ್ಕ್‌ಷೈರಿನಲ್ಲೂ ಪೀಕ್ ಡಿಸ್ಟ್ರಿಕ್ಟಿನಲ್ಲೂ ಮೋಟಾರು ವಾಹನಗಳಿಗೆ ಅನುಮತಿಯಿರುವ ಕಲ್ಲುಮಣ್ಣಿನ ಹಳೆಯ ದಾರಿಗಳಲ್ಲಿ ಸ್ನೇಹಿತರೊಡನೆ ಸುತ್ತುವುದು ಅವನ ವಾರಾಂತ್ಯದ ಸುಖ. ಜನವರಿಯಲ್ಲಿ ಮನೆಗೆ ಬಂದಾಗ ಗಾಡಿಯಿಂದ ಹೊಸದೊಂದು ಸದ್ದು ಕೇಳಿಬರುತ್ತಿತ್ತು: ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಾಕಿ. ಎಂ.ಓ.ಟಿ. ಪರೀಕ್ಷೆಯೂ ಹತ್ತಿರವಾಗಿತ್ತು. ಸೈಲೆನ್ಸರ್ ಭದ್ರವಾಗಿರದ ಗಾಡಿ ಅದರಲ್ಲಿ ತೇರ್ಗಡೆಯಾಗುವುದಿಲ್ಲ.

ಸದ್ದು ಎಲ್ಲಿಂದ ಬರುತ್ತಿದೆಯೆಂದು ಪತ್ತೆಹಚ್ಚಲು ಒಂದು ಶನಿವಾರ ಬೆಳಿಗ್ಗೆ ತಂದೆಮಗ ಇಬ್ಬರೂ ಗ್ಯಾರೇಜಿಗಿಳಿದೆವು. ಹೊರಗೆ ಹಿಮ ಕವಿದಿತ್ತು. ಚಳಿಗಾಳಿ ನುಗ್ಗದಿರಲೆಂದು ಬಾಗಿಲನ್ನು ಮೊಣಕಾಲಿನಷ್ಟು ಮಾತ್ರ ಎತ್ತಿದ್ದೆವು. ಮಗ ಎಂಜಿನ್ ಚಾಲೂ ಮಾಡಿದ; ನಾವು ಟಾರ್ಚ್ ಹಿಡಿದು ಬೆಂಡ್ ಪೈಪಿನ ಬಳಿ ಬಗ್ಗಿ ಕಿವಿಗೊಟ್ಟೆವು. ಹತ್ತು ನಿಮಿಷವೋ ಹದಿನೈದೋ, ಲೆಕ್ಕವಿಡಲಿಲ್ಲ. ತಲೆ ಸಿಡಿಯತೊಡಗಿತು. ಮಗನಿಗೆ ಹೊಟ್ಟೆ ತೊಳಸಿತು. ಎಂಜಿನ್ ಆರಿಸಿ ಒಳಗೆ ಬಂದು, ಕೈಚೀಲದಲ್ಲಿದ್ದ ಆಕ್ಸಿಮೀಟರನ್ನು ಇಬ್ಬರ ಬೆರಳಿಗೂ ಹಾಕಿ ನೋಡಿದೆವು. ಅವನದು 98, ನಮ್ಮದೂ 98. ‘ಏನೂ ಇಲ್ಲ, ಪೆಟ್ರೋಲಿನ ವಾಸನೆಗೆ ಹೀಗಾಗಿದೆ, ಬಿಸಿ ಕಾಫಿ ಕುಡಿದರೆ ಸರಿಹೋಗುತ್ತದೆ’ ಎಂದೆವು. ಇಪ್ಪತ್ತು ವರ್ಷ ವೈದ್ಯವೃತ್ತಿ ಮಾಡಿದ ಬಾಯಿಂದ ಬಂದ ಮಾತಿದು.

ಅಷ್ಟರಲ್ಲಿ, ಮೈಸೂರಿನಿಂದ ಬಂದು ಮೂರು ತಿಂಗಳಿಂದ ನಮ್ಮೊಡನಿದ್ದ ಅಮ್ಮ ಮೆಟ್ಟಿಲ ಕಂಬಿ ಹಿಡಿದು ನಿಧಾನವಾಗಿ ಇಳಿದುಬಂದರು. ಅವರ ಕೋಣೆ ಇರುವುದು ಗ್ಯಾರೇಜಿನ ನೇರ ಮೇಲೆ. ಮೊಮ್ಮಗನ ಮುಖ ನೋಡಿ, “ನಿಂಗೂ ತಲೆ ನೋವೇನೋ? ನಂಗೆ ತಲೆ ಎತ್ತೋಕೇ ಆಗ್ತಿಲ್ಲ ಕಣೋ” ಎಂದರು.

ಆ ಮಾತು ಕೇಳಿ ಮೈ ತಣ್ಣಗಾಯಿತು. ಒಂದೇ ಸೂರಿನಡಿ ಇರುವವರಿಗೆ ಒಂದೇ ಹೊತ್ತಿನಲ್ಲಿ ತಲೆನೋವು ಬಂದರೆ ಮೊದಲು ಶಂಕಿಸಬೇಕಾದದ್ದು ಕಾರ್ಬನ್ ಮಾನಾಕ್ಸೈಡನ್ನು ಎಂಬುದು ವೈದ್ಯಕೀಯದ ಮೊದಲ ಪಾಠಗಳಲ್ಲೊಂದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಿಂದ ಅಂಟಿಕೊಂಡು, ಆಮ್ಲಜನಕಕ್ಕೆ ಎಡೆಯಿಲ್ಲದಂತೆ ಮಾಡುತ್ತದೆ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ರಕ್ತದ ಕೆಂಪನ್ನಷ್ಟೇ ಅಳೆಯುವುದರಿಂದ ವಿಷ ಹೊತ್ತ ರಕ್ತಕ್ಕೂ ಆಮ್ಲಜನಕ ಹೊತ್ತ ರಕ್ತಕ್ಕೂ ಅದಕ್ಕೆ ಭೇದ ತಿಳಿಯುವುದಿಲ್ಲ. 98 ಎಂಬ ಅಂಕಿ ಸುಳ್ಳಾಗಿದ್ದಿರಬಹುದು. ಇದೆಲ್ಲ ನಮಗೆ ಗೊತ್ತಿತ್ತು. ಇನ್ನೊಬ್ಬರ ಮನೆಯ ಕಥೆಯಾಗಿದ್ದರೆ ಕೂಡಲೇ ನೆನಪಾಗುತ್ತಿತ್ತು.

ಎಲ್ಲರೂ ಮನೆಯಿಂದ ಹೊರಬಂದೆವು; ಹೊರಡುವಾಗ ಬಾಗಿಲು ಕಿಟಕಿಗಳನ್ನು ತೆರೆದಿಟ್ಟೆವು. 999ಕ್ಕೆ ಕರೆಮಾಡಿದೆವು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾದಾಗ ಮೂವರಲ್ಲೂ ಆ ಅನಿಲ ಇದ್ದದ್ದು ಖಚಿತವಾಯಿತು. ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಬರಿಯ ಗಾಳಿಯಲ್ಲಿ ಉಸಿರಾಡಿದರೆ ರಕ್ತದಲ್ಲಿನ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು; ಶುದ್ಧ ಆಮ್ಲಜನಕದಲ್ಲಿ ಸುಮಾರು ಒಂದೂವರೆ ಗಂಟೆ ಸಾಕು. ಹೃದಯದ ತೊಂದರೆಯಿರುವ ಅಮ್ಮನ ಇ.ಸಿ.ಜಿ.ಯನ್ನು ಎರಡು ಬಾರಿ ತೆಗೆದರು. ಆ ಎರಡು ಬಾರಿಯೂ ಕಾಗದ ಹೊರಬರುವವರೆಗೆ ನಾವು ವೈದ್ಯರಾಗಿರಲಿಲ್ಲ, ಮಕ್ಕಳಾಗಿದ್ದೆವು ಅಷ್ಟೆ. ಸಂಜೆಗೆ ಎಲ್ಲರನ್ನೂ ಮನೆಗೆ ಕಳುಹಿಸಿದರು.

ಮುಂದಿನ ಭಾನುವಾರ ಗಾಡಿಯನ್ನು ಮನೆಯ ಮುಂದಿನ ಬಯಲಿಗೆ ತಳ್ಳಿಕೊಂಡು ಬಂದು, ಎಂಜಿನ್ ಚಾಲೂ ಮಾಡದೆಯೇ ಪರೀಕ್ಷಿಸಿದೆವು. ಐದು ನಿಮಿಷದ ಕೆಲಸ. ಸಿಲಿಂಡರ್ ಹೆಡ್ಡಿಗೆ ಬೆಂಡ್ ಪೈಪ್ ಸೇರುವಲ್ಲಿ ಎರಡು ಸ್ಟಡ್ಡುಗಳಿದ್ದವು. ಒಂದರ ನಟ್ಟು ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. ಇನ್ನೊಂದು ಬೆರಳಿನಿಂದಲೇ ತಿರುಗಿತು. ಸುತ್ತಲೂ ಕಪ್ಪು ಮಸಿ. ಹೊಗೆ ಸೋರುವ ಜಾಗವನ್ನು ಆ ಮಸಿಯೇ ತೋರಿಸುತ್ತದೆ, ಕಿವಿಗೊಡುವ ಅಗತ್ಯವೇ ಇಲ್ಲ. ಹಿಂಬದಿಯಲ್ಲಿ ಸೈಲೆನ್ಸರನ್ನು ಕೈಯಿಂದ ಅಲುಗಿಸಿದರೆ ಚೌಕಟ್ಟಿಗೆ ಬಿಗಿಯುವ ಬೋಲ್ಟೂ ಕಟಕಟ ಎಂದಿತು. ಎರಡು ತಿಂಗಳ ಹಿಂದೆ ಮಗ ತಾನೇ ಗ್ಯಾಸ್ಕೆಟ್ ಬದಲಾಯಿಸಿದ್ದನಂತೆ. ಹೊಸ ಗ್ಯಾಸ್ಕೆಟ್ ಕೆಲವು ಬಾರಿ ಕಾದು ಆರಿದ ಮೇಲೆ ಅಮರಿ ಕೂರುತ್ತದೆ. ಆಗ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಬೇಕು. ಅದನ್ನು ಅವನು ಮರೆತಿದ್ದ. ಮಿಕ್ಕದ್ದನ್ನು ಒಂಟಿ ಸಿಲಿಂಡರಿನ ಅದುರು ಮಾಡಿ ಮುಗಿಸಿತ್ತು.

ಹೊಸ ನಟ್ಟು ತಂದು ಹಾಕಿದೆವು. ಒಂದನ್ನೇ ಪೂರ್ತಿ ಬಿಗಿಯದೆ ಎರಡನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪ ತಿರುಗಿಸಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿತಕ್ಕೆ ನಿಲ್ಲಿಸಿದೆವು. ಇಲ್ಲಿಯ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪಿನಿಂದ ಸ್ಟಡ್ಡುಗಳು ತುಕ್ಕು ಹಿಡಿದಿರುತ್ತವೆ. ಹೆಚ್ಚು ಬಲ ಹಾಕಿದರೆ ಮುರಿಯುತ್ತವೆ. ಕೊನೆಗೆ ನಟ್ಟಿನಿಂದ ಲೋಹದವರೆಗೆ ಬಿಳಿ ಬಣ್ಣದ ಗೆರೆಯೊಂದನ್ನು ಎಳೆದೆವು. ನಟ್ಟು ತಿರುಗಿದರೆ ಗೆರೆ ತಪ್ಪುತ್ತದೆ, ನೋಡಿದ ಕೂಡಲೇ ತಿಳಿಯುತ್ತದೆ.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಟ್ಟು ಬಿದ್ದಿದ್ದರಿಂದ ಅಪಾಯವಾಯಿತೆಂದು ಹೇಳಿದರೆ ತಪ್ಪಾಗುತ್ತದೆ. ಎಲ್ಲ ನಟ್ಟುಗಳೂ ಬಿಗಿಯಾಗಿದ್ದರೂ ಆ ಹೊಗೆ ಸೈಲೆನ್ಸರಿನ ತುದಿಯಿಂದ ಅದೇ ಗ್ಯಾರೇಜಿನೊಳಗೇ ಬೀಳುತ್ತಿತ್ತು. ತಣ್ಣಗಿನ ಎಂಜಿನ್ ಹೆಚ್ಚು ಪೆಟ್ರೋಲು ಕುಡಿದು ಹೆಚ್ಚು ಕಾರ್ಬನ್ ಮಾನಾಕ್ಸೈಡನ್ನು ಉಗುಳುತ್ತದೆ. ಅರ್ಧ ತೆರೆದ ಬಾಗಿಲು ಅದಕ್ಕೆ ಸಾಲದು. ತಪ್ಪು ನಟ್ಟಿನದಲ್ಲ, ಅದನ್ನು ಹುಡುಕಲು ನಾವು ಆರಿಸಿಕೊಂಡ ಜಾಗದ್ದು.

ನಮ್ಮ ಸಂಘದ ಮನೆಗಳಲ್ಲಿ ಅನೇಕರದು ಮನೆಗೇ ಅಂಟಿಕೊಂಡ ಗ್ಯಾರೇಜು. ಅನೇಕರ ಅಪ್ಪ ಅಮ್ಮಂದಿರು ಊರಿನಿಂದ ಬಂದು ಮೇಲಿನ ಕೋಣೆಯಲ್ಲಿ ಮಲಗುತ್ತಾರೆ. ಕಾರಾಗಲಿ, ಬೈಕಾಗಲಿ, ಹುಲ್ಲು ಕತ್ತರಿಸುವ ಯಂತ್ರವಾಗಲಿ, ದಯವಿಟ್ಟು ಒಳಗೆ ಚಾಲೂ ಮಾಡಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಮ್ ಇಲ್ಲದಿದ್ದರೆ ಈ ವಾರವೇ ತಂದು ಹಾಕಿ. ನಮ್ಮ ಮನೆಯಲ್ಲಿ ಈಗ ಎರಡಿವೆ. ಒಂದು ಅಮ್ಮನ ಕೋಣೆಯಲ್ಲಿ.

ಅಂಗಳದಲ್ಲೇ ಏಕೆ ಎಂಬ ಹಳೆಯ ಪ್ರಶ್ನೆಯನ್ನು ಅಮ್ಮನ ಮುಂದಿಟ್ಟೆವು. “ಒಳಗೆ ಶುರು ಮಾಡಿದ್ರೆ ನಾನು ಬೈತಿದ್ದೆ, ಹೊಗೆಗೆ ನಂಗೆ ತಲೆ ನೋವು ಬರ್ತಿತ್ತು” ಎಂದರು.