ಭಾನುವಾರದ ಟೇಪು

ಹೋದ ವಾರ ಬಸವನಗುಡಿಯಲ್ಲಿ ನಾವು ಕೊನೆಯದಾಗಿ ಅಳೆದಿದ್ದ ಮನೆಯೂ ಬಿತ್ತು. ಜೆಸಿಬಿಯನ್ನು ನೋಡುತ್ತ ನಿಂತಿದ್ದೆ. ಮೊಮ್ಮಗಳು ಕೇಳಿದಳು: "ತಾತ, ನಿಮ್ಮ ಕ್ಲಬ್ಬು ಏನು ಮಾಡ್ತಿತ್ತು?"

ಅಳೀತಿತ್ತು. ಅಷ್ಟೇ.

ಕ್ಲಬ್ಬಿಗೆ ಹೆಸರಿರಲಿಲ್ಲ. 1980ರ ದಶಕದಲ್ಲಿ ಹೈಕೋರ್ಟಿರುವ ಅಠಾರಾ ಕಚೇರಿಯನ್ನೇ ಕೆಡವುತ್ತಾರಂತೆ ಎಂದು ಗಲಾಟೆಯಾದಾಗ ಸೇರಿಕೊಂಡ ಆರೇಳು ಜನ. ಬ್ಯಾಂಕಿನವರು, ಮೇಷ್ಟರು, ಒಬ್ಬ ಡ್ರಾಫ್ಟ್ಸ್‌ಮನ್. ಕಚೇರಿ ಉಳಿಯಿತು. ಇನ್ನು ಎಲ್ಲವೂ ಉಳಿಯುತ್ತದೆ ಅಂದುಕೊಂಡೆವು.

ಭಾನುವಾರ ವಿದ್ಯಾರ್ಥಿ ಭವನದಲ್ಲಿ ದೋಸೆ, ಆಮೇಲೆ ಟೇಪು. 1898ರ ಪ್ಲೇಗಿನ ಹೆದರಿಕೆಯಿಂದ ಎದ್ದ ಬಡಾವಣೆ ಬಸವನಗುಡಿ. ಗಾಳಿ ಬೆಳಕು ಆಡಲೆಂದು ಸುತ್ತ ಜಾಗ ಬಿಟ್ಟು ಮನೆ ಕಟ್ಟಿದ್ದರು. ಆ ಜಾಗಕ್ಕೇ ಕೊನೆಗೆ ಬಿಲ್ಡರುಗಳ ಕಣ್ಣು ಬಿತ್ತು.

ನಮಗೆ ಮನೆ ನೋಡಲು ಕಲಿಸಿದವನು ಒಬ್ಬ ಮುದಿ ಗಾರೆ ಮೇಸ್ತ್ರಿ. ಮರದ ತೊಲೆ, ಇಟ್ಟಿಗೆ, ಸುಣ್ಣದ ಮದ್ರಾಸ್ ತಾರಸಿಯ ಮೇಲೆ ಬರಿಗಾಲಲ್ಲಿ ನಡೆದೇ ಎಲ್ಲಿ ಸೋರುತ್ತದೆ ಹೇಳಿಬಿಡುತ್ತಿದ್ದ. ಸುಣ್ಣ ಕೊಳೆಹಾಕಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ವಾರಗಟ್ಟಲೆ ಕಾಯುವನು. ಹುಳಿ ಬಂದ ಬೆಲ್ಲ, ಒಗರು, ಹಸಿ ಸುಣ್ಣ ಮೂರೂ ಕೂಡಿದ ಆ ವಾಸನೆಗೆ ಜೇನ್ನೊಣ ಮುತ್ತುತ್ತಿದ್ದವು. "ಸಿಮೆಂಟು ಅವಸರದೋರಿಗೆ ಸಾಮಿ" ಎನ್ನುತ್ತಿದ್ದ. ಅವನ ಮಗ ಮಾತ್ರ ಸಿಮೆಂಟಿನ ಕೆಲಸಕ್ಕೇ ಹೋದ, ಹೊಟ್ಟೆಗೂ ಅವಸರವಿತ್ತು.

ನಮ್ಮ ಕಣ್ಣಿಗೆ ಆ ಮನೆಗಳು ಬಲು ಚೆಂದ. ಹಿಂದುಗಡೆಯ ಹೊಗೆ ತುಂಬಿದ ಅಡುಗೆಮನೆ, ಮುಟ್ಟಾದ ಹೆಂಗಸರನ್ನು ಮೂರು ದಿನ ಹೊರಗೆ ಕೂರಿಸುತ್ತಿದ್ದ ಕತ್ತಲೆ ಕೋಣೆ, ಇವನ್ನೂ ಅಳೆದೆವು, ಅವುಗಳ ಬಗ್ಗೆ ಮಾತಾಡಲಿಲ್ಲ. ಒಬ್ಬ ಅಜ್ಜಿಯೇ ಅಂದಿದ್ದರು: "ನೀವು ನೋಡ್ಕೊಂಡು ಹೋಗ್ತೀರಪ್ಪ, ಗುಡಿಸೋಳು ನಾನು."

ಈಗ ಮಂಕಿ ಟಾಪ್, ಅಂದರೆ ಆ ಮನೆಗಳ ಮುಂಭಾಗದ ಚೂಪು ಮರದ ಮುಚ್ಚಿಗೆ, ಅದರ ಆಕಾರವನ್ನು ಪ್ಲೈವುಡ್ಡಿನಲ್ಲಿ ಕೊಯ್ದು ಕಾಫಿ ಅಂಗಡಿ ಮುಂದೆ ಅಂಟಿಸುತ್ತಾರೆ, ಅದರಡಿ ನಿಂತು ಫೋಟೋ ಹಿಡಿಸಿಕೊಳ್ಳುತ್ತಾರೆ. ನೋಡಿದರೆ ಮೈ ಉರಿಯುತ್ತದೆ. ಆದರೆ ಅಸಲಿ ತೇಗದ್ದೊಂದು ನಮ್ಮ ಕೈಗೇ ಬಂದಿತ್ತು. ಮನೆ ಒಡೆಯುತ್ತಿದ್ದ ಗುಜರಿಯವನು 800 ಅಂದ, ನಾವು 300 ಅಂದೆವು. ಬಿಸಿಲಲ್ಲಿ ಒಂದು ಗಂಟೆ ಚೌಕಾಸಿ. 450ಕ್ಕೆ ಒಪ್ಪಿದ, 50 ಮುಂಗಡ ಕೊಟ್ಟೆವು. ಆಮೇಲೆ ಯಾರ ಮನೆಯಲ್ಲಿ ಇಡುವುದು ಎಂದು ಮುಖ ಮುಖ ನೋಡಿಕೊಂಡೆವು. ಎಲ್ಲರದೂ ಆರ್‌ಸಿಸಿ ಮನೆ, ಅಷ್ಟಗಲದ ಗೋಡೆ ಯಾರಿಗೂ ಇರಲಿಲ್ಲ.

ಮುಂಗಡ ವಾಪಸ್ ಕೇಳಲು ನಾಚಿಕೆಯಾಗಿ ಸುಮ್ಮನೆ ಬಂದೆವು. ಮರುದಿನ ಆ ದಾರಿಯಲ್ಲೇ ಹೋದೆ. ಅರ್ಧ ಸೀಳಿ ಸೌದೆ ಮಾಡಿದ್ದ.