ಕಾಯುವ ಸ್ಕ್ರಿಪ್ಟು, ಕಾಯದ ಆಟ

ರೋಬ್ಲಾಕ್ಸ್ ಆಟದೊಳಗಿಂದ ಹೊರಗಿನ ವೆಬ್ ಸರ್ವರ್ ಜೊತೆ ಮಾತಾಡಬೇಕೆಂದರೆ ಎಚ್‌ಟಿಟಿಪಿ ಸರ್ವಿಸ್‌ನ ರಿಕ್ವೆಸ್ಟ್‌ಅಸಿಂಕ್ ಕರೆಯಬೇಕು. ಉತ್ತರ ಬರುವವರೆಗೂ ಸ್ಕ್ರಿಪ್ಟು ಆ ಸಾಲಿನಲ್ಲೇ ನಿಂತಿರುತ್ತದೆ. ಆಟ ಮಾತ್ರ ನಿಲ್ಲುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಪರಿಣಾಮವನ್ನು ಕೊನೆಯವರೆಗೆ ಯೋಚಿಸಲಿಲ್ಲ. ಹಾಗಾಗಿ ನನ್ನ ಆಟದ ಅಂಗಡಿ ದಿವಾಳಿಯೆದ್ದಿತು, ನ್ಯಾಯವಾಗಿ ಆಡಿದ ಮಕ್ಕಳ ಗಳಿಕೆಯೂ ಅದರ ಜೊತೆ ಹೋಯಿತು.

ನನ್ನ ಎರಡು ಆಟಗಳಿಗೂ ಒಂದೇ ಖಜಾನೆ ಇರಲಿ ಎಂದು ಆಟಗಾರರ ನಾಣ್ಯಗಳ ಲೆಕ್ಕವನ್ನು ನನ್ನದೇ ವೆಬ್ ಸರ್ವರ್‌ನಲ್ಲಿ ಇಟ್ಟಿದ್ದೆ. ಕತ್ತಿ ಕೊಳ್ಳುವ ಬಟನ್ ಒತ್ತಿದರೆ ಸ್ಕ್ರಿಪ್ಟು ಮೊದಲು ಬ್ಯಾಲೆನ್ಸ್ ಎಷ್ಟಿದೆ ಎಂದು ಕೇಳುತ್ತಿತ್ತು. ಸಾಕಷ್ಟಿದ್ದರೆ ಕತ್ತಿ ಕೊಟ್ಟು, ಉಳಿದ ಮೊತ್ತವನ್ನು ಬರೆದಿಡಲು ಇನ್ನೊಂದು ರಿಕ್ವೆಸ್ಟ್ ಕಳಿಸುತ್ತಿತ್ತು. ಎಷ್ಟು ಸಲ ಓದಿದರೂ ಇದರಲ್ಲಿ ನನಗೆ ತಪ್ಪು ಕಾಣಲಿಲ್ಲ. ರೋಬ್ಲಾಕ್ಸ್‌ನ ಸ್ಕ್ರಿಪ್ಟು ಭಾಷೆಯ ಬಗ್ಗೆ ನನಗಿದ್ದ ಅರ್ಧ ತಿಳಿವಳಿಕೆಯೇ ಇದಕ್ಕೆ ಕಾರಣ. ಸಾಮಾನ್ಯ ಸ್ಕ್ರಿಪ್ಟುಗಳಲ್ಲಿ ಕೊರುಟೀನ್‌ಗಳು, ಅಂದರೆ ನಡುವೆ ನಿಂತು ಮತ್ತೆ ಮುಂದುವರಿಯಬಲ್ಲ ಕೆಲಸದ ಎಳೆಗಳು, ಸರದಿಯಂತೆ ಓಡುತ್ತವೆ, ಒಂದೇ ಕ್ಷಣಕ್ಕೆ ಎರಡು ಓಡುವುದಿಲ್ಲ. ಅಂದಮೇಲೆ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುವುದೆಲ್ಲಿ ಎಂದುಕೊಂಡಿದ್ದೆ.

ಮೊದಲು ಹೇಳಿದವನು ಅಕ್ಕನ ಮಗ. “ಮಾಮ, ಬೇಗ ಬೇಗ ಒತ್ತಿದ್ರೆ ಎರಡು ಕತ್ತಿ ಬರುತ್ತೆ ನೋಡು” ಅಂದ. ನನ್ನ ಕಂಪ್ಯೂಟರಿನಲ್ಲಿ ನಾನೂ ಒತ್ತಿ ನೋಡಿದೆ, ಬರಲಿಲ್ಲ. “ನಿಮ್ಮ ಮನೇಲಿ ನೆಟ್ ಸ್ಲೋ ಇರಬೇಕು ಕಣೋ” ಎಂದು ಸುಮ್ಮನಾದೆ. ನಾನು ಪರೀಕ್ಷಿಸುವಾಗ ವೆಬ್ ಸರ್ವರ್ ಅದೇ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಉತ್ತರ ಕಣ್ಣು ಮಿಟುಕಿಸುವ ಮೊದಲೇ ಬರುತ್ತಿದ್ದುದರಿಂದ ಎರಡನೇ ಒತ್ತಿಗೆ ಅವಕಾಶವೇ ಇರಲಿಲ್ಲ.

ನಡೆಯುತ್ತಿದ್ದುದು ಇಷ್ಟು. ಹುಡುಗನ ಬಳಿ 100 ನಾಣ್ಯ, ಕತ್ತಿಗೆ 80. ಮೊದಲ ಒತ್ತಿಗೆ ಸ್ಕ್ರಿಪ್ಟು ಬ್ಯಾಲೆನ್ಸ್ ಕೇಳಿ ಕಾಯತೊಡಗುತ್ತದೆ. ಅಷ್ಟರಲ್ಲಿ ಎರಡನೇ ಒತ್ತು ಬಂದರೆ, ಒತ್ತನ್ನು ಗೇಮ್ ಸರ್ವರ್‌ಗೆ ತಲುಪಿಸುವ ರಿಮೋಟ್ ಇವೆಂಟ್ ಅದಕ್ಕಾಗಿ ಹೊಸ ಕೊರುಟೀನ್ ಶುರುಮಾಡುತ್ತದೆ, ಅದೂ ಕೇಳಿ ಕಾಯುತ್ತದೆ. ಎರಡು ಕೊರುಟೀನ್‌ಗಳಿಗೂ 100 ಎಂಬ ಉತ್ತರ. ಎರಡೂ ಒಂದೊಂದು ಕತ್ತಿ ಕೊಡುತ್ತವೆ, ಎರಡೂ 20 ಎಂದು ಬರೆಯುತ್ತವೆ. ಕೊನೆಗೆ ಲೆಕ್ಕ ನೋಡಿದರೆ ಒಂದೇ ಕತ್ತಿ ಮಾರಿದ ಹಾಗಿರುತ್ತದೆ.

ಆದರೆ ಆಗ ನನಗಿದು ತಿಳಿದಿರಲಿಲ್ಲ. ಬೇರೆಯವರಿಂದಲೂ ದೂರುಗಳು ಬಂದಾಗ ವೆಬ್ ಸರ್ವರ್ ನಿಧಾನವಾಗಿದೆಯೆಂದು ನಂಬಿ ವೇಗದ ಸರ್ವರ್‌ಗೆ ಬದಲಾಯಿಸಿದೆ. ದೂರುಗಳು ಕಡಿಮೆಯಾದವು, ನಾನು ಗೆದ್ದೆ ಅಂದುಕೊಂಡೆ. ನಾನು ಮಾಡಿದ್ದರಲ್ಲಿ ಅತಿ ಕೆಟ್ಟದ್ದು ಇದೇ ಎಂದು ಈಗಲೂ ಅನಿಸುತ್ತದೆ. ಕಿಂಡಿ ಕಿರಿದಾಗಿತ್ತೇ ಹೊರತು ಮುಚ್ಚಿರಲಿಲ್ಲ. ಬೆರಳಿಗೆ ಸಿಗದ ಆ ಕಿಂಡಿ, ಬಟನ್ ಒತ್ತಿದಂತೆ ಸಂದೇಶವನ್ನು ಪುಂಖಾನುಪುಂಖವಾಗಿ ಕಳಿಸುವ ಚೀಟ್ ಪ್ರೋಗ್ರಾಂಗಳಿಗೆ ಧಾರಾಳವಾಗಿತ್ತು. ಕತ್ತಿಗೆ ಬೆಲೆಯೇ ಇಲ್ಲದಂತಾಯಿತು.

ಆಮೇಲೆ ಮೊದಲು ಮಾಡಿದ ಕೆಲಸ, ಕಾಯುವುದಕ್ಕೆ ಮುಂಚೆಯೇ ‘ಈ ಆಟಗಾರನ ಖರೀದಿ ನಡೆಯುತ್ತಿದೆ’ ಎಂದು ಗುರುತು ಹಾಕುವುದು. ರಿಕ್ವೆಸ್ಟ್ ಸೋತರೂ ಆ ಗುರುತು ಅಳಿಯಲೇಬೇಕು, ಅದಕ್ಕೇ ಕರೆ ತಪ್ಪಿದರೂ ಸ್ಕ್ರಿಪ್ಟು ಅಲ್ಲೇ ಮುರಿದು ಬೀಳದಂತೆ ನೋಡಿಕೊಳ್ಳುವ ಪಿಕಾಲ್. ಇಲ್ಲದಿದ್ದರೆ ಆ ಮಗುವಿಗೆ ಅಂಗಡಿ ಮತ್ತೆ ತೆರೆಯುವುದೇ ಇಲ್ಲ. ಉತ್ತರ ಬಂದ ಮೇಲೆ ಆಟಗಾರ ಇನ್ನೂ ಆಟದಲ್ಲಿದ್ದಾನೆಯೇ ಎಂದೂ ನೋಡಬೇಕು.

ಆದರೆ ಗುರುತು ಒಂದು ಗೇಮ್ ಸರ್ವರ್‌ನೊಳಗಷ್ಟೇ ಕೆಲಸ ಮಾಡುತ್ತದೆ. ನಿಜವಾದ ಪರಿಹಾರ ಬ್ಯಾಲೆನ್ಸ್ ಕೇಳುವುದನ್ನೇ ಬಿಡುವುದು. ‘ಇದ್ದರೆ 80 ಕಳೆ, ಇಲ್ಲದಿದ್ದರೆ ಇಲ್ಲವೆನ್ನು’ ಎಂದು ಒಂದೇ ಮಾತು ಕಳಿಸಿದರೆ, ನೋಡುವುದೂ ಕಳೆಯುವುದೂ ಡೇಟಾಬೇಸಿನಲ್ಲಿ ಒಂದೇ ಹೆಜ್ಜೆಯಲ್ಲಿ ಮುಗಿಯುತ್ತವೆ. ಪ್ರತಿ ಗೇಮ್ ಸರ್ವರ್‌ಗೆ ನಿಮಿಷಕ್ಕೆ 500 ರಿಕ್ವೆಸ್ಟ್‌ಗಳ ಮಿತಿ ಇರುವುದರಿಂದ ಎರಡು ಕರೆ ಒಂದಾದದ್ದೂ ಅನುಕೂಲವೇ. ಇನ್ನೊಂದು ವಿಷಯ ಕಲಿಯಲು ನನಗೆ ತಡವಾಯಿತು: ಪಿಕಾಲ್ ‘ಸೋತಿತು’ ಅಂದರೆ ಹಣ ಕಳೆದಿಲ್ಲ ಎಂದರ್ಥವಲ್ಲ. ಕಳೆದ ಮೇಲೆ ಉತ್ತರ ದಾರಿಯಲ್ಲಿ ತಪ್ಪಿರಬಹುದು. ಅದಕ್ಕೆ ಪ್ರತಿ ಖರೀದಿಗೂ ಎಚ್‌ಟಿಟಿಪಿ ಸರ್ವಿಸ್‌ನದೇ ಜನರೇಟ್‌ಜಿಯುಐಡಿ ಕೊಡುವ ಬೇರೆಬೇರೆ ಗುರುತುಸಂಖ್ಯೆ ಜೋಡಿಸಿದೆ. ಮತ್ತೆ ಕಳಿಸಿದಾಗ ಅದೇ ಸಂಖ್ಯೆ ಕಂಡರೆ ಸರ್ವರ್ ಎರಡನೇ ಸಲ ಕಳೆಯುವುದಿಲ್ಲ.

ಅಷ್ಟರಲ್ಲಿ ಹಳೆಯ ಖಾತೆಗಳನ್ನು ಉಳಿಸಿಕೊಳ್ಳುವ ದಾರಿ ಇರಲಿಲ್ಲ. ನಾನು ಉಳಿಕೆ ಮೊತ್ತವನ್ನಷ್ಟೇ ಬರೆದಿಟ್ಟಿದ್ದೆ, ಒಂದೊಂದು ಖರೀದಿಯ ದಾಖಲೆ ಇಟ್ಟಿರಲಿಲ್ಲ. ಯಾರ ಕತ್ತಿ ದುಡಿದದ್ದು, ಯಾರದು ಕದ್ದದ್ದು ಎಂದು ಬೇರ್ಪಡಿಸಲಾಗದೆ ಎಲ್ಲರ ಖಾತೆಯನ್ನೂ ಸೊನ್ನೆಗೆ ಇಳಿಸಿದೆ. ರಜೆಯಿಡೀ ಕೂತು ಪ್ರಾಮಾಣಿಕವಾಗಿ ನಾಣ್ಯ ಕೂಡಿಹಾಕಿದ್ದ ಮಕ್ಕಳು ಕೇಳಿದಾಗ, ಅವರದನ್ನು ಅವರಿಗೆ ಹಿಂದಿರುಗಿಸಲು ನನ್ನ ಬಳಿ ಲೆಕ್ಕವೇ ಇರಲಿಲ್ಲ.