ನಾಲ್ಕನೆಯ ವಠಾರ



ನಮ್ಮ ಧರ್ಮಕೇಂದ್ರದ ಅನೇಕ ಮನೆಗಳ ಮಕ್ಕಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುತ್ತಾರೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋಣಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಸ್ಥಾಪಿಸಿದ ಆ ನಗರಿಯಲ್ಲಿ ಅವರು ಮಾಡುವುದೇನೆಂದು ಕೇಳಿದರೆ, "ಏನೋ ಕಂಪ್ಯೂಟರ್ ಕೆಲಸ, ಸ್ವಾಮಿ" ಎಂದು ಹೆತ್ತವರು ಸುಮ್ಮನಾಗುತ್ತಾರೆ. ನಾನೂ ಅಷ್ಟಕ್ಕೇ ತೃಪ್ತನಾಗಿದ್ದೆ. ಕಳೆದ ವರ್ಷ ಹೆಬ್ಬಗೋಡಿಯ ಮನೆಯೊಂದರಲ್ಲಿ ರಾತ್ರಿಯೂಟಕ್ಕೆ ಕುಳಿತಿದ್ದಾಗ ಆ ಮನೆಯ ಮಗನಿಗೆ ಫೋನ್ ಬಂತು. ಅವನ ಅನ್ನ ತಟ್ಟೆಯಲ್ಲೇ ಆರಿತು.

ಕಾರ್ಖಾನೆಯೊಂದರ ಹಾಜರಿ ದಾಖಲಿಸುವ ಗಣಕಯಂತ್ರ ಅವನ ಹೊಣೆ. ಗೇಟಿನಲ್ಲಿ ಬೆರಳೊತ್ತಿದ ಗುತ್ತಿಗೆ ಕಾರ್ಮಿಕರ ಹಾಜರಿ ಬೀಳುತ್ತಿರಲಿಲ್ಲ. ಬೀಳದಿದ್ದರೆ ಅಂದಿನ ಕೂಲಿಯಿಲ್ಲ. ನಾಲ್ಕು ದಿನಗಳಿಂದ ಇದೇ ಪಾಡು. ಕೆಲವು ಗಂಟೆ ಸರಿ, ಕೆಲವು ಗಂಟೆ ಮೌನ. ಆ ಯಂತ್ರವನ್ನು ಸಿದ್ಧಪಡಿಸಿದ್ದು ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಹುಡುಗಿ. ತಪ್ಪು ಅವಳದೇ ಎಂದು ಎಲ್ಲರೂ ತೀರ್ಮಾನಿಸಿದ್ದರು, ಇವನೂ ಸಹ.

ಯಂತ್ರವೆಂದೆನಲ್ಲ, ಅದು ಕೈಗೆ ಸಿಗುವ ಪೆಟ್ಟಿಗೆಯಲ್ಲ. ಹಳೆಯ ಬೆಂಗಳೂರಿನ ವಠಾರವನ್ನು ನೆನೆದುಕೊಳ್ಳಿ: ಒಂದೇ ಹೆಬ್ಬಾಗಿಲು, ಒಳಗೆ ಹಲವು ಸಂಸಾರ. ಸರ್ವರ್ ಎಂಬ ದೊಡ್ಡ ಯಂತ್ರದೊಳಗೆ ಹಲವು 'ವರ್ಚುವಲ್' ಯಂತ್ರಗಳು ಹಾಗೆಯೇ ಬಿಡಾರ ಹೂಡಿರುತ್ತವೆ. ಉಪಾಯ ಹೊಸದಲ್ಲ, ಐಬಿಎಂ ಸಂಸ್ಥೆಯು 1972ರಲ್ಲೇ ಇಂತಹ ವ್ಯವಸ್ಥೆಯನ್ನು ಪ್ರಕಟಿಸಿತ್ತು. ಇವನ ಬಳಿ ನಾಲ್ಕು ವಠಾರಗಳ ಗುಂಪಿತ್ತು. ಒಂದರಲ್ಲಿ ಹೊರೆ ಹೆಚ್ಚಿದರೆ ಬಿಡಾರವೊಂದು, ಕೆಲಸ ನಿಲ್ಲಿಸದೆಯೇ, ತಾನಾಗಿ ಇನ್ನೊಂದಕ್ಕೆ ಸಾಗುತ್ತದೆ.

ಇದನ್ನೆಲ್ಲ ನನಗೆ ವಿವರಿಸುತ್ತಿದ್ದವನು ಥಟ್ಟನೆ ನಿಲ್ಲಿಸಿ ದಾಖಲೆಗಳನ್ನು ತೆರೆದ. ಯಂತ್ರ ಮೂಕವಾದಾಗಲೆಲ್ಲ ಅದು ನಾಲ್ಕನೆಯ ಸರ್ವರಿನಲ್ಲೇ ಇತ್ತು! ಯಾವ ದೂರೂ ಇಲ್ಲದ, ಅದೇ ಜಾಲದ ಇನ್ನೊಂದು ಯಂತ್ರವನ್ನು ಅಲ್ಲಿಗೆ ಕಳುಹಿಸಿದ, ಅದೂ ಮೂಕವಾಯಿತು. ವಿಚಿತ್ರವೆಂದರೆ, ಆ ಎರಡೂ ಪರಸ್ಪರ ಚೆನ್ನಾಗಿಯೇ ಮಾತನಾಡುತ್ತಿದ್ದವು. ಅಂಗಳದ ಮಾತಿಗೆ ಹೆಬ್ಬಾಗಿಲು ದಾಟಬೇಕಿಲ್ಲವಲ್ಲ.

ಸರ್ವರಿನಿಂದ ಹೊರಡುವ ಒಂದೇ ತಂತಿಯಲ್ಲಿ ಹಲವು ಜಾಲಗಳ ಸಂಚಾರವಿರುತ್ತದೆ. ಅವು ಬೆರೆಯದಂತೆ ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಅಂಟಿಸುತ್ತಾರೆ. ಇದಕ್ಕೆ 1998ರ 802.1ಕ್ಯೂ ಎಂಬ ಮಾನಕವಿದೆ, 4094 ಸಂಖ್ಯೆಗಳಿಗೆ ಅವಕಾಶವಿದೆ. ತಂತಿಯ ಆಚೆ ತುದಿಯಲ್ಲಿ ಸ್ವಿಚ್ ಎಂಬ ದ್ವಾರಪಾಲಕನ ಬಳಿ, ಒಳಬಿಡಬೇಕಾದ ಸಂಖ್ಯೆಗಳ ಪಟ್ಟಿಯಿರುತ್ತದೆ. ಹಿಂದಿನ ವಾರ ದುರಸ್ತಿಗೆಂದು ನಾಲ್ಕನೆಯ ಸರ್ವರಿನ ತಂತಿಯನ್ನು ಬೇರೆ ಕಂಡಿಗೆ ಸಿಕ್ಕಿಸಿದ್ದರು. ಆ ಕಂಡಿಯ ಪಟ್ಟಿಯಲ್ಲಿ ಸರ್ವರಿನ ಸ್ವಂತ ಸಂಖ್ಯೆಯಿತ್ತು, ಹಾಜರಿ ಜಾಲದ ಸಂಖ್ಯೆಯಿರಲಿಲ್ಲ. ಹೀಗಾಗಿ ಉಸ್ತುವಾರಿಯ ತಂತ್ರಾಂಶ ವಿಚಾರಿಸಿದಾಗಲೆಲ್ಲ ಸರ್ವರ್ "ಕ್ಷೇಮ" ಎಂದೇ ಉತ್ತರಿಸುತ್ತಿತ್ತು. ಒಳಗಿನ ಬಿಡಾರದ ಕೂಗು ಬಾಗಿಲಲ್ಲೇ ಸದ್ದಿಲ್ಲದೆ ಬಿದ್ದುಹೋಗುತ್ತಿತ್ತು. ತಿರಸ್ಕರಿಸಿದೆನೆಂದು ಹೇಳುವ ಸೌಜನ್ಯವೂ ಆ ದ್ವಾರಪಾಲಕನಿಗಿಲ್ಲ!

ಜಾಲ ನೋಡಿಕೊಳ್ಳುವ ಸಹೋದ್ಯೋಗಿಯನ್ನು ಎಬ್ಬಿಸಿ ಪಟ್ಟಿಗೆ ಒಂದು ಸಂಖ್ಯೆ ಸೇರಿಸಲು ಎರಡು ನಿಮಿಷ ಸಾಕಾಯಿತು. ತಪ್ಪಿಹೋದ ಹಾಜರಿಗಳನ್ನು ಮಾತ್ರ ಕಾವಲುಗಾರರ ಪುಸ್ತಕ ನೋಡಿ ಕೈಯಾರೆ ತುಂಬಬೇಕಿತ್ತು.

"ಸಾರು ಬಿಸಿಮಾಡಲೇನಪ್ಪಾ?" ಎಂದರು ತಾಯಿ.

"ಒಂದು ನಿಮಿಷ ಇರಮ್ಮಾ" ಎಂದ. ಹುಡುಗಿಯನ್ನು ದೂರಿ ತಾನು ಬರೆದಿದ್ದ ಇ-ಮೇಲನ್ನು ಹುಡುಕಿ ತೆಗೆದು, ಅದು ತಲುಪಿದ್ದ ಹನ್ನೊಂದು ಮಂದಿಗೂ ಉತ್ತರ ಬರೆಯತೊಡಗಿದ. ಅವಳ ಹೆಸರಿನಿಂದಲೇ ಆರಂಭಿಸಿದ.